ಕೇಳಿ ಕೇಳಿ ಯುದ್ಧ ಮಾಡುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಒಂದು ಭಾನುವಾರ ಬೆಳಿಗ್ಗೆ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಸಾಯಿಸಿ, ಮಧ್ಯಾಹ್ನದ ಹೊತ್ತಿಗೆ ಎಲ್ಲರನ್ನೂ ಬದುಕಿಸಿ, ಕೈ ತೊಳೆದುಕೊಂಡು ಊಟಕ್ಕೆ ಕೂತವರು. ಸುಳ್ಳಲ್ಲ! ಬೇಕಾದರೆ ವಿಜಯನಗರದ ನಮ್ಮ ಬೀದಿಯವರನ್ನು ಕೇಳಿ. ಅವರು ಹೇಳುವಾಗ ನಾನು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಇಷ್ಟು ವರ್ಷದ ಮೇಲೂ ಮುಖ ಬಿಸಿಯಾಗುತ್ತದೆ.

ಚಿಕ್ಕಪ್ಪನಿಗೆ ಮದುವೆಯಾಗಿರಲಿಲ್ಲ. ನಮ್ಮ ಜೊತೆಯೇ ಇದ್ದರು. ರೇಡಿಯೋ, ಟಿವಿ ರಿಪೇರಿಯ ಪುಟ್ಟ ಅಂಗಡಿ. ಎಂಬತ್ತರ ದಶಕದ ಕೊನೆಯ ಮಾತಿದು. ಕಂಪ್ಯೂಟರ್ ಅನ್ನುವುದನ್ನು ನಾವು ಪೇಪರಿನಲ್ಲಿ ಓದಿದ್ದೆವೇ ಹೊರತು ಕಂಡವರಲ್ಲ. ದುಬೈಯಿಂದ ಬಂದ ಗಿರಾಕಿಯೊಬ್ಬರು ಟಿವಿಗೆ ಸಿಕ್ಕಿಸುವಂಥ ಒಂದು ಚಿಕ್ಕ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟು, "ಸರಿ ಹೋದ್ರೆ ನೀವೇ ಇಟ್ಕೊಳ್ಳಿ" ಅಂದು ವಿಮಾನ ಹತ್ತಿದರು. ಅದು ಸರಿ ಹೋಯಿತು. ನಮ್ಮ ಮರ್ಯಾದೆ ಹೋಯಿತು.

ಅದರ ಜೊತೆ ಒಂದು ಕ್ಯಾಸೆಟ್ಟಿತ್ತು. ಟೇಪ್ ರೆಕಾರ್ಡರಿಗೆ ಹಾಕಿದರೆ ಬಹಳ ಹೊತ್ತು ಕೀಚ್ ಕೀಚ್ ಎಂದು ಅರಚಿಕೊಂಡು, ಕೊನೆಗೆ ಟಿವಿಯಲ್ಲಿ ಆಟವೊಂದು ಮೂಡುತ್ತಿತ್ತು. ನಾಲ್ಕು ಜನರ ತಂಡ ಕಟ್ಟಿಕೊಂಡು ಪಾಳುಕೋಟೆಯೊಳಗೆ ಇಳಿಯಬೇಕು. ಒಬ್ಬ ಯೋಧ, ಒಬ್ಬ ಪೂಜಾರಿ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಹೆಸರು ನಾವೇ ಇಡಬೇಕು. ಯಾರಿಗೆ ಎಷ್ಟು ಬಲ, ಎಷ್ಟು ಚುರುಕು ಅನ್ನುವುದನ್ನು ಯಂತ್ರವೇ ದಾಳ ಹಾಕಿ ಹೇಳುತ್ತದೆ. ಪ್ರಪಂಚದಲ್ಲಿ ಬೇರೆ ಹೆಸರೇ ಇರಲಿಲ್ಲವೇ? ಚಿಕ್ಕಪ್ಪ ನಮ್ಮ ಹೆಸರುಗಳನ್ನೇ ಇಟ್ಟರು. ಅಪ್ಪ ಪೂಜಾರಿ. ಅಮ್ಮ ಮಂತ್ರವಾದಿ. ಅಜ್ಜಿ ಕಳ್ಳಿ! ಎಲ್ಲರಿಗಿಂತ ಹೆಚ್ಚು ಬಲ ಬಂದದ್ದು ನನಗೆ. ಹಾಗಾಗಿ ಕತ್ತಿ ಹಿಡಿದು ಮುಂದೆ ನಿಂತವಳು ನಾನು.

"ನಿಮ್ಮ ಹೆಸರೆಲ್ಲಿ ಚಿಕ್ಕಪ್ಪ?"

"ನಾಲ್ಕೇ ಜನಕ್ಕೆ ಜಾಗ ಕಣಮ್ಮಾ."

ಕತ್ತಿ ಅಂದರೆ ಒಂದು ಗೆರೆ. ರಾಕ್ಷಸ ಅಂದರೆ ಹಲ್ಲು ಬಂದ ಆಲೂಗಡ್ಡೆ. ಹೊಡೆದಾಟ ಅದಕ್ಕಿಂತ ವಿಚಿತ್ರ. ಅವರು ಹೊಡೆಯುವಾಗ ನಾವು ಸುಮ್ಮನೆ ನಿಂತು ಹೊಡೆಸಿಕೊಳ್ಳಬೇಕು. ನಮ್ಮ ಸರದಿಯಲ್ಲಿ ಅವರು ನಿಲ್ಲುತ್ತಾರೆ. "ರೇಷನ್ ಅಂಗಡೀಲೂ ಇಷ್ಟು ಶಿಸ್ತಾಗಿ ಕ್ಯೂ ನಿಲ್ಲಲ್ಲಪ್ಪ ಜನ" ಅಂದಳು ಅಮ್ಮ. ಪ್ರತಿ ಸರದಿಗೂ ಯಂತ್ರ ಒಬ್ಬೊಬ್ಬರ ಹೆಸರು ತೋರಿಸಿ ಕೇಳುತ್ತದೆ: ಹೊಡೆಯುವುದೋ, ಓಡುವುದೋ?

ಬೇರೆ ಯಾರಾದರೂ ಆಗಿದ್ದರೆ ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದರು. ಚಿಕ್ಕಪ್ಪ ಹಾಗೆ ಮಾಡುವವರೇ? ಯಾರ ಹೆಸರು ಬಂತೋ ಅವರನ್ನೇ ಕೂಗಿ ಕೇಳಬೇಕು! "ಅವರ ಜೀವ ಅದು. ಹೇಳಕ್ಕೆ ನಾನ್ಯಾರು?"

"ಅತ್ತಿಗೇ, ಎದುರಿಗೆ ಅಸ್ಥಿಪಂಜರ ನಿಂತಿದೆ. ಹೊಡೀತೀರೋ, ಓಡ್ತೀರೋ?"

"ಹುಳಿ ಕುದೀತಿದೆ, ತಡಿಯಪ್ಪ. ಕೊತ್ತಂಬರಿ ಹಾಕ್ಬಿಟ್ಟು ಹೊಡೀತೀನಿ."

ಅಸ್ಥಿಪಂಜರವೂ ಪಾಪ, ಕಾಯುತ್ತಿತ್ತು. ಅಪ್ಪ ಬಚ್ಚಲಲ್ಲಿದ್ದರೂ ಬಿಡುತ್ತಿರಲಿಲ್ಲ, ಬಾಗಿಲು ಬಡಿದು, "ಅಣ್ಣಾ, ನಿನಗೆ ಬಾಣ ಬಿದ್ದಿದೆ, ಏನ್ ಮಾಡ್ತೀಯಾ?" ಅನ್ನುವುದು. "ಸೋಪು ತೊಳ್ಕೋತೀನಿ ಕಣೋ!" ಎಂದು ಒಳಗಿನಿಂದ ಗರ್ಜನೆ. ಬೀದಿಗೆಲ್ಲ ಕೇಳುತ್ತಿತ್ತು. ಕಿಟಕಿಯಲ್ಲಿ ಯಾವಾಗಲೂ ಐದಾರು ತಲೆ. ನನಗೋ, ಹೊರಗೆ ಕಾಲಿಡಲು ನಾಚಿಕೆ.

ಆ ಭಾನುವಾರ ಮೊದಲು ಬಿದ್ದವರು ಅಜ್ಜಿ. "ಅಯ್ಯೋ, ಅಮ್ಮ ಹೋಗ್ಬಿಟ್ಳು!" ಎಂದು ಚಿಕ್ಕಪ್ಪ ತಲೆ ಚಚ್ಚಿಕೊಂಡರು. ಎದುರು ಮನೆ ಆಂಟಿಗೆ ಕೇಳಿತು. ಒಲೆ ಆರಿಸಿ, ಗಂಡನನ್ನು ಚಟ್ಟಕ್ಕೆ ಬಿದಿರು ತರಲು ಮೂಡಲಪಾಳ್ಯಕ್ಕೆ ಅಟ್ಟಿ, ಸೆರಗಿಗೆ ಮೂಗು ಒರೆಸಿಕೊಳ್ಳುತ್ತ ಬಂದು ಬಾಗಿಲು ತಟ್ಟಿದರು. ಬಾಗಿಲು ತೆರೆದದ್ದು ಅಜ್ಜಿಯೇ.

"ಯಾಕೆ ಅಳ್ತೀಯೇ? ಯಾರು ಹೋದ್ರು?"

"ನೀವೇ ಅಜ್ಜೀ!"

ಇತ್ತ ಅಪ್ಪ, ಅಮ್ಮ, ನಾನು ಒಬ್ಬರ ಹಿಂದೊಬ್ಬರು ಸತ್ತೆವು. ಚಿಕ್ಕಪ್ಪ ಕ್ಯಾಸೆಟ್ಟು ತಿರುಗಿಸಿ ಮೊದಲಿನಿಂದ ಹಾಕಿದರು; ನಾವೆಲ್ಲ ಎದ್ದು ನಿಂತೆವು. ಬಿದಿರು ಮಾತ್ರ ಬಂದೇ ಬಂತು. ಅದನ್ನು ವಾಪಸ್ ಒಯ್ಯಲು ಯಾರೂ ಮುಟ್ಟಲಿಲ್ಲ. "ನನಗೆ ತಂದಿದ್ದು ತಾನೆ? ಇರ್ಲಿ ಬಿಡಿ" ಎಂದು ಅಜ್ಜಿ ಅದನ್ನು ಕಟ್ಟಿಸಿ ತಮ್ಮ ಸೀರೆ ಒಣಗಹಾಕಿದರು.

ಇಂಥ ಮನೆಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದೆಂದು ನಿಶ್ಚಯವಾಯಿತು.

ನಾನು ಆಗ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಸ್ವಿಚ್ ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಆಗಷ್ಟೇ ಕೆಲಸ ಖಾಯಂ ಆಗಿತ್ತು. ಆ ಕೆಲಸವೆಂದರೆ ನನಗೆ ಪ್ರಾಣ. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಗಂಡು ನಂದಿನಿ ಲೇಔಟಿನವನು, ಸರ್ಕಾರಿ ನೌಕರಿ, ಸ್ವಂತ ಮನೆ. ಸೊಸೆ ಮಾತ್ರ ಹೊರಗೆ ದುಡಿಯಬಾರದಂತೆ. ಅಪ್ಪ ಸರಿ ಅಂದಿದ್ದರು. ನಾನು ರಾತ್ರಿಯೆಲ್ಲ ಹೊರಳಾಡಿದೆ, ಬೆಳಿಗ್ಗೆ ಎದ್ದು ತಲೆಗೆ ಹೂ ಮುಡಿದೆ. ಇನ್ನೇನು ಮಾಡಲಿ?

ಚಿಕ್ಕಪ್ಪನಲ್ಲಿ ಮಾತ್ರ ಬೇಡಿಕೊಂಡೆ. "ಇವತ್ತೊಂದು ದಿನ ಆ ಪೆಟ್ಟಿಗೆ ಮುಟ್ಬೇಡಿ. ನನ್ನ ಮಾನ ಕಾಪಾಡಿ."

"ನಿನ್ನಾಣೆ ಮುಟ್ಟಲ್ಲ ಕಣಮ್ಮಾ."

ಪಾಪ, ಮುಟ್ಟಲಿಲ್ಲ. ಟಿವಿಗೆ ಟವೆಲ್ ಹೊದಿಸಿ, ಇಸ್ತ್ರಿ ಶರ್ಟು ತೊಟ್ಟು ಗಂಭೀರವಾಗಿ ಕೂತರು. ಗಂಡಿನ ತಂದೆ ಲೋಕಾಭಿರಾಮವಾಗಿ, "ಹುಡುಗಿ ಸ್ವಭಾವ ಹೇಗೆ ಸಾರ್?" ಎಂದು ಅವರನ್ನೇ ಕೇಳಬೇಕೇ!

"ಧೈರ್ಯ ಜಾಸ್ತಿ ಸಾರ್! ಮೊನ್ನೆ ಒಬ್ಬಳೇ ಆರು ಜನಾನ ಮಲಗಿಸಿಬಿಟ್ಲು!"

ಗಂಡಿನ ತಾಯಿಗೆ ಉಪ್ಪಿಟ್ಟು ನೆತ್ತಿಗೇರಿತು. ಸುಧಾರಿಸಲು ಹೋದ ಚಿಕ್ಕಪ್ಪ, "ಅವಳದೇನು ಮಹಾ, ಕಳ್ಳತನದಲ್ಲಿ ಅವರಜ್ಜೀದು ಎತ್ತಿದ ಕೈ" ಅಂದರು.

ಅಡುಗೆಮನೆಯ ಪರದೆಯ ಹಿಂದೆ ಕಾಫಿ ತಟ್ಟೆ ಹಿಡಿದು ನಿಂತಿದ್ದ ನಾನು ನಾಚಿಕೆಯಿಂದ ಸತ್ತೇ ಹೋದೆ. ಈ ಸಲ ನನ್ನನ್ನು ಎಬ್ಬಿಸಲು ಯಾವ ಕ್ಯಾಸೆಟ್ಟೂ ಇರಲಿಲ್ಲ. ಅಪ್ಪ ಬೆವರು ಒರೆಸಿಕೊಂಡು, ಅದೆಲ್ಲ ಟಿವಿಯಲ್ಲಿ ಆಡುವ ಆಟ ಎಂದು ತೇಪೆ ಹಾಕಿದರು. ಗಂಡಿನ ತಂದೆ ಒಳ್ಳೆಯವರು, ನಕ್ಕುಬಿಟ್ಟರು. ಮಾತು ದಾರಿಗೆ ಬಂತು.

"ಸರಿ, ಹುಡುಗಿ ಕೆಲಸ ಬಿಡ್ತಾಳೆ ತಾನೆ?"

"ಅದಕ್ಕೇನು, ಬಿಡ್ತಾಳೆ" ಅಂದರು ಅಪ್ಪ.

"ಒಂದ್ನಿಮಿಷ ತಾಳಿ ಸಾರ್." ಚಿಕ್ಕಪ್ಪ ಎದ್ದು ನಿಂತು ಅಡುಗೆಮನೆಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಕೂಗಿದರು. "ಏನಮ್ಮಾ, ಕೆಲಸ ಬಿಡ್ತೀಯಾ?"

ಹೆಣ್ಣು ನೋಡಲು ಬಂದವರ ಎದುರಿಗೆ ಹೆಣ್ಣನ್ನು ಕೇಳುವುದು! ಯಾರಾದರೂ ಕೇಳಿದ್ದುಂಟೇ? ಕಿಟಕಿಯಲ್ಲಿ ಅವೇ ಐದಾರು ತಲೆ. ಪಕ್ಕದಲ್ಲಿ ಅಮ್ಮ, ಸುಮ್ಮನಿರು ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ನಾನು ಕಾಫಿ ತಟ್ಟೆ ಕೆಳಗಿಟ್ಟೆ.

"ಬಿಡಲ್ಲ ಚಿಕ್ಕಪ್ಪ" ಅಂದೆ.

ಬಂದವರು ಕಾಫಿಗೆ ಕಾಯಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ನಡೆದರು. ಅಮ್ಮ ಪಾತ್ರೆ ಕುಕ್ಕಿದಳು. ನಾನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತೆ. ಇನ್ನು ಈ ಬೀದಿಯಲ್ಲಿ ಹೇಗೆ ತಲೆಯೆತ್ತಿ ನಡೆಯಲಿ ಅನ್ನುವುದೊಂದೇ ಯೋಚನೆ. ಚಿಕ್ಕಪ್ಪ ಬಂದು ಅಷ್ಟು ದೂರದಲ್ಲೇ ನಿಂತರು.

"ನನ್ನಿಂದ ನಿಂಗೆ ಅವಮಾನ ಆಯ್ತಾ?"

"ತುಂಬಾ ಆಯ್ತು."

ಅವರು ತಲೆ ಬಗ್ಗಿಸಿದರು. "ಬಾಯಿ ಬಿಡ್ಬಾರ್ದು ಅಂತಾನೇ ಕೂತಿದ್ದೆ ಕಣಮ್ಮಾ. ಪರದೆ ಕೆಳಗೆ ನಿನ್ನ ಕಾಲು ಕಾಣ್ತಿತ್ತು. ಅಣ್ಣ 'ಬಿಡ್ತಾಳೆ' ಅಂದಾಗ ನೀನು ಕಾಲ್ಬೆರಳು ಮಡಿಚ್ಕೊಂಡೆ ನೋಡು... ಚಿಕ್ಕವಳಿದ್ದಾಗ ಇಂಜೆಕ್ಷನ್‌ಗೆ ಕರ್ಕೊಂಡ್ ಹೋದ್ರೆ ಹಂಗೇ ಮಡಿಚ್ಕೋತಿದ್ದೆ. ಅಳ್ತಾ ಇರ್ಲಿಲ್ಲ, ಅಷ್ಟೆ. ನಂಗೆ ನೋಡಕ್ಕಾಗ್ಲಿಲ್ಲ."

ನಾನು ಎದ್ದು ಹೋಗಿ ಅವರ ತೋಳು ಹಿಡಿದು, ಗೋಡೆಯಾಚೆ ಯಾರು ನೋಡುತ್ತಿದ್ದಾರೆಂದೂ ನೋಡದೆ, ಜೋರಾಗಿ ಅತ್ತುಬಿಟ್ಟೆ.