ಪಂಪಾಪತಿಯ ಕಪ್ಪುಚೌಕ ಸಂಹಾರ

ಎಲೈ ರಸಿಕರೇ, ಕಿವಿಗೊಡಿ! ಸೀಸದ ಅಚ್ಚುಮೊಳೆಗಳು ಗುಜರಿ ಸೇರಿ ಅಕ್ಷರಗಳೆಲ್ಲ ಗಾಜಿನ ಪರದೆಯಲ್ಲಿ ನೆಲೆಸಿದ ಈ ಗಣಕಯುಗದಲ್ಲಿ, ರಾಣೇಬೆನ್ನೂರಿನ ಗುರುಸಿದ್ದಪ್ಪನವರ ಮುದ್ರಣಾಲಯದೊಳಗೆ, ಕೀಲಿಮಣೆಕೋವಿದನೂ ಕರಡುತಿದ್ದುವಿಕೆಯ ಧುರಂಧರನೂ ಇಪ್ಪತ್ತು ವರ್ಷ ರಿಪೇರಿಯವರ ಮುಖ ನೋಡದ ಬಿರುದಾಂಕಿತನೂ ಆದ ಪಂಪಾಪತಿಯೆಂಬ ವೀರನಿದ್ದನು. ಬಿರುದು ಕೊಟ್ಟವರಾರೆಂದು ಕೇಳಬೇಡಿ, ತಾನೇ ಕೊಟ್ಟುಕೊಂಡದ್ದು.

ಆಯುಧಪೂಜೆಯನ್ನು ತಾನೇ ಅರ್ಚಕನಾಗಿ ನೆರವೇರಿಸಿ, ಬನ್ನಿ ಹಂಚಿ, ಮಾರನೆಯ ದಿನ ಶಾಲೆಯೊಂದರ ಬೆಳ್ಳಿಹಬ್ಬದ ಆಮಂತ್ರಣವನ್ನು ಟೈಪಿಸಲು ಕುಳಿತನಷ್ಟೆ, ಅಬ್ಬಬ್ಬಾ! ಅಕ್ಷರಗಳ ನಡುನಡುವೆ ಕಪ್ಪು ಚೌಕಗಳು ತಲೆಯೆತ್ತಿದವು. ಗಣಕಕ್ಕೆ ಕೊಡುವ ಗುಪ್ತ ಆಜ್ಞೆಗಳನ್ನು ಅಕ್ಷರವಾಗಿ ಬರೆಯಲಾರದೆ ಎಡಿಟರ್ ಎಂಬ ಟೈಪಿಸುವ ತಂತ್ರಾಂಶವು ಹೀಗೆ ಚೌಕ ಕಟ್ಟಿ ತೋರಿಸುತ್ತದೆಂದು ಅವನು ಬಲ್ಲ. ಆದರೆ ಆ ಆಜ್ಞೆಗಳನ್ನು ಕೊಟ್ಟವರಾರೆಂಬುದೇ ತಿಳಿಯದು. ಅಳಿಸಿ ಮತ್ತೆ ಟೈಪಿಸಿದರೆ ಮತ್ತೆ ಅವೇ.

ನಾಲ್ಕಕ್ಕೆ ಶಾಲೆಯವರು ಬರುತ್ತಾರೆ, ಆಗದಿದ್ದರೆ ಹುಬ್ಬಳ್ಳಿಯಿಂದ ರಿಪೇರಿಯವನನ್ನು ಕರೆಸುತ್ತೇನೆ ಎಂದರು ಮಾಲೀಕರು. ವೀರನ ಮೀಸೆ ಅದುರಿತು.

“ಸಾಹುಕಾರ್ರ, ಆ ಮನಿಷ್ಯಾ ಈ ಹೊಸ್ತಿಲಾ ತುಳಿದ ದಿನ ನಾ ಈ ಕುರ್ಚಿ ಬಿಡತೀನಿ.”

ಆಡಿದ ಮಾತು ಆಡಿಯಾಗಿತ್ತು.

ಆಮೇಲೆ ನಡೆದ ಘೋರ ಸಂಗ್ರಾಮವನ್ನು ಏನೆಂದು ಬಣ್ಣಿಸಲಿ! ಹನ್ನೊಂದು ಫಾಂಟುಗಳನ್ನು ಒಂದರ ಮೇಲೊಂದು ಪ್ರಯೋಗಿಸಿದನು. ಎಡಿಟರನ್ನೇ ಕಿತ್ತೊಗೆದು ಪುನಃ ಸ್ಥಾಪಿಸಿದನು. ಕಡೆಗೆ ಗುಪ್ತಚಿಹ್ನೆಗಳನ್ನು ತೋರಿಸುವ ಆಯ್ಕೆಯನ್ನೇ ತೆಗೆದುಹಾಕಿದಾಗ ಚೌಕಗಳೆಲ್ಲ ಮಾಯ! ವಿಜಯೋತ್ಸಾಹದಿಂದ ಚಹಾ ತರಿಸಿ, ಅರ್ಧ ಕುಡಿದು, ಪ್ರಿಂಟ್ ತೆಗೆದನು. ಮುಖ್ಯ ಅತಿಥಿಗಳ ಹೆಸರಿನ ಮೇಲೆಯೇ ಐದು ಪೊಳ್ಳು ಚೌಕಗಳು ಕುಳಿತಿದ್ದವು. ಕಣ್ಣಿಗೆ ಕಾಣದಂತೆ ಮಾಡಿದ್ದನೇ ಹೊರತು ಒಂದನ್ನೂ ಕೊಂದಿರಲಿಲ್ಲ. ಗಂಟೆ ಮೂರಾಯಿತು. ಮಾಲೀಕರು ಫೋನು ಕೈಗೆತ್ತಿಕೊಂಡರು. ಪಂಪಾಪತಿಗೆ ಅಳು ಬಂದಂತಾಯಿತು.

ಆಗ ಬೈಂಡಿಂಗ್ ಮಾಡುವ ಕಲ್ಲವ್ವ ಪುಸ್ತಕ ಹೊಲಿಯುವ ದಬ್ಬಣವನ್ನು ಹಿಡಿದೇ ಬಂದು ಕೀಲಿಮಣೆಯತ್ತ ಬಗ್ಗಿದಳು.

“ಪಂಪಣ್ಣ, ಮೂಲ್ಯಾಗಿನ ಈ ಗುಂಡಿ ಕೆಳಗ ಕುಂತದ. ಮ್ಯಾಲ ಏಳವಲ್ದು ನೋಡು.”

ಅದು ಕಂಟ್ರೋಲ್ ಗುಂಡಿ. ಅದು ಆಗಾಗ ಹೀಗೆ ಸಿಕ್ಕಿ ಒತ್ತಿಕೊಂಡಾಗ ಟೈಪಿಸಿದ್ದೆಲ್ಲ ಅಕ್ಷರವಾಗದೆ ಆಜ್ಞೆಯಾಗುತ್ತಿತ್ತು. ಕಲ್ಲವ್ವ ಅದನ್ನು ದಬ್ಬಣದಿಂದ ಟಕ್ಕನೆ ಮೀಟಿ ಎಬ್ಬಿಸಿದಳು. ಅಡಿಯಲ್ಲಿ ಒಣಗಿದ ಗಂಧದ ಹೆಂಟೆ, ಕುಂಕುಮ, ಎರಡು ಅಕ್ಷತೆಕಾಳು. ಅರ್ಚಕ ಯಾರೆಂದು ಯಾರೂ ಕೇಳಲಿಲ್ಲ. ವೀರನ ಕಿವಿಗಳು ಕೆಂಪಾದವು.

ಏನಾಗಿತ್ತೆಂದು ಮಾಲೀಕರು ಕೂಗಿದಾಗ ಅವನು ಬಗ್ಗಿ ಗುಂಡಿಯಡಿಯ ಕುಂಕುಮವನ್ನು ಊದತೊಡಗಿದನು. ಕಲ್ಲವ್ವನೇ ಹೇಳಿದಳು: “ಏನಿಲ್ಲರಿ, ಭಕ್ತಿ ಸ್ವಲ್ಪ ಹೆಚ್ಚಾಗಿತ್ತು.”

ಮತ್ತೆ ಟೈಪಿಸಿದಾಗ ಒಂದು ಚೌಕವೂ ತಲೆಯೆತ್ತಲಿಲ್ಲ, ನಾಲ್ಕಕ್ಕೆ ಆಮಂತ್ರಣ ಹೋಯಿತು. ಕುರ್ಚಿ ಉಳಿಯಿತು, ಬಿರುದೂ ಉಳಿಯಿತು. ಬಿರುದಾಂಕಿತನು ಮಾತ್ರ ಅಂಗಡಿ ಮುಚ್ಚುವವರೆಗೂ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತಲೆ ತಗ್ಗಿಸಿ ಕುಳಿತಿದ್ದನು. ಉಳಿದ ನೂರಾಮೂರು ಗುಂಡಿಗಳಿಗೂ ಅವನು ಅಷ್ಟೇ ಭಕ್ತಿಯಿಂದ ಗಂಧ ಹಚ್ಚಿದ್ದನಲ್ಲ!