ಮುದ್ದೆ ನುಂಗಲು ಬಾರದ ಮೇಡಂ

ಕೆಲವರು ತಮ್ಮ ಕೆಲಸದ ಹೆಸರು ಹೇಳಿದರೆ ಸಾಕು, ಎದುರಿಗಿದ್ದವರಿಗೆ ಮುಂದೇನು ಮಾತಾಡಬೇಕೆಂದು ತಾನಾಗಿಯೇ ತಿಳಿಯುತ್ತದೆ. ಡಾಕ್ಟರೆಂದರೆ ಮಂಡಿನೋವಿನ ಕತೆ ಶುರುವಾಗುತ್ತದೆ, ವಕೀಲರೆಂದರೆ ದಾಯಾದಿಗಳ ಬೇಲಿಯ ವಿಚಾರ ಬರುತ್ತದೆ, ಮೇಷ್ಟ್ರೆಂದರೆ ಮನೆಯ ಮಕ್ಕಳು ಒಳಗೆ ಓಡಿಹೋಗುತ್ತಾರೆ. ನಾನು ‘ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್’ ಎಂದರೆ ಮಾತ್ರ ಜನ ‘ಓಹೋ’ ಎಂದು ತಲೆಯಾಡಿಸಿ, ಬಸ್ಸು ಬಂತೇನೋ ಎಂದು ರಸ್ತೆಯ ಕಡೆ ನೋಡುತ್ತಾರೆ. ಕನ್ನಡದಲ್ಲಿ ಹೇಳಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಕೆ.ಆರ್. ನಗರದ ಒಂದು ಶಿಬಿರದಲ್ಲಿ ಯಾರೋ ಉತ್ಸಾಹಿಗಳು ನನ್ನ ಮೇಜಿನ ಹಿಂದೆ ‘ಔದ್ಯೋಗಿಕ ಚಿಕಿತ್ಸಕಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಕಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಮುಂದೆ ಮಕ್ಕಳಿಗಿಂತ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದ ಯುವಕರೇ ಹೆಚ್ಚಾಗಿ ನಿಂತಿದ್ದರು. ಅವರಲ್ಲೊಬ್ಬ ಬಹಳ ವಿನಯದಿಂದ, “ಯಾವ ಕೆಲ್ಸ ಆದ್ರೂ ಆಯ್ತದೆ ಮೇಡಂ, ಮೈಸೂರಲ್ಲಿ ಆದ್ರೆ ಇನ್ನೂ ಒಳ್ಳೇದು” ಎಂದ. ನಾನು ಅವನಿಗೆ ಒಂದು ಗಂಟೆ ನನ್ನ ಕೆಲಸದ ಸ್ವರೂಪ ವಿವರಿಸಿದೆ. ಕೊನೆಗೆ ಅವನು, “ಅಂಗಾದ್ರೆ ನಿಮ್ಗೇ ಇನ್ನೂ ಸರಿಯಾದ್ ಕೆಲ್ಸ ಸಿಕ್ಕಿಲ್ಲ ಅನ್ನಿ” ಎಂದು ಮರುಕಪಟ್ಟು ಹೋದ.

ಕೆಲಸವೇನೋ ಸರಳವಾದದ್ದೇ. ಹುಟ್ಟುವಾಗ ಉಸಿರು ಕಟ್ಟಿಯೋ, ಆಮೇಲೆ ಜ್ವರ ಬಂದೋ ಕೈಕಾಲಿನ ಹಿಡಿತ ತಪ್ಪಿದ ಮಕ್ಕಳಿಗೆ ಉಣ್ಣುವುದು, ಅಂಗಿಯ ಗುಂಡಿ ಹಾಕುವುದು, ಬಳಪ ಹಿಡಿಯುವುದು, ಆಟವಾಡುವುದು, ಇವನ್ನೆಲ್ಲ ಕಲಿಸುವುದು. ಮಕ್ಕಳ ಉದ್ಯೋಗವೆಂದರೆ ಇಷ್ಟೇ ತಾನೆ? ಹುಣಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ವಾರದಲ್ಲಿ ಒಂದು ದಿನ ಪಿರಿಯಾಪಟ್ಟಣ, ಒಂದು ದಿನ ಕೆ.ಆರ್. ನಗರ, ಒಂದು ದಿನ ಎಚ್.ಡಿ. ಕೋಟೆ ಎಂದು ಬಸ್ಸು ಹತ್ತುತ್ತಿದ್ದೆ. ಹೆಗಲಲ್ಲಿ ಗಿಲಕಿ, ಬಣ್ಣದ ಮಣಿ, ಕನ್ನಡಿ, ಗುಂಡಿ, ದಾರ ತುಂಬಿದ ಚೀಲ. ಕಾಕನಕೋಟೆಯ ಕಡೆ ಒಂದು ಜಗಲಿಯ ಮೇಲೆ ಆ ಚೀಲ ಬಿಚ್ಚಿದಾಗ ನಾಲ್ಕು ಜನ ಹೆಂಗಸರು ಬಂದು ಮಣಿಗಳನ್ನೆಲ್ಲ ಕೆದಕಿ ನೋಡಿ, “ಕರಿಮಣಿ ತಂದಿಲ್ವಾ?” ಎಂದು ಕೇಳಿದ್ದರು.

ಇಷ್ಟಾದರೂ ಒಂದು ಮಾತು ಹೇಳಲೇಬೇಕು. ನನಗೆ ಆತ್ಮವಿಶ್ವಾಸದ ಕೊರತೆ ಯಾವತ್ತೂ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷ ವಯಸ್ಸು, ಪರೀಕ್ಷೆಯಲ್ಲಿ ಮೊದಲ ದರ್ಜೆ, ಕೈಯಲ್ಲೊಂದು ಫೈಲು. ನಾನು ಹೋಗಿ ನಿಂತ ಮನೆಯ ಕಷ್ಟ ಮೂರು ತಿಂಗಳಲ್ಲಿ ತೀರದಿದ್ದರೆ ಅದು ಆ ಮನೆಯವರ ತಪ್ಪೇ ಇರಬೇಕು ಎಂದು ನಂಬಿದ್ದೆ. ಕರಾವಳಿಯ ಕಡೆಯವಳಾದ್ದರಿಂದ ನನ್ನ ಕನ್ನಡ ಬೇರೆ ಪುಸ್ತಕದಿಂದ ಎದ್ದು ಬಂದ ಹಾಗಿತ್ತು. ‘ಮಗುವನ್ನು ದಯವಿಟ್ಟು ಗೋಡೆಗೆ ಒರಗಿಸಿ ಕುಳ್ಳಿರಿಸಿ’ ಎಂದರೆ ಮನೆಯವರು ಮಗುವನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅದನ್ನು ನಾನು ಗೌರವವೆಂದು ತಿಳಿದಿದ್ದೆ.

ಹೀಗಿರುವಾಗ ಗುರುಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಸವಿತಾ ಎಂಬ ಏಳು ವರ್ಷದ ಹುಡುಗಿ ನನ್ನ ಪಾಲಿಗೆ ಬಂದಳು. ಕೈಗಳೆರಡೂ ಬಿಗಿದುಕೊಂಡಿದ್ದವು. ಬಲಗೈ ಚಾಚಬೇಕೆಂದರೆ ಅದು ಮೊದಲು ಕಿವಿಯ ಕಡೆ ಹೋಗಿ, ಆಮೇಲೆ ಮನಸ್ಸು ಬಂದರೆ ಮುಂದಕ್ಕೆ ಬರುತ್ತಿತ್ತು. ಮಾತು ಒಂದೊಂದೇ ಪದವಾಗಿ ನಿಧಾನಕ್ಕೆ ಹೊರಡುತ್ತಿತ್ತು. ಆದರೆ ಕಣ್ಣುಗಳು ಬಹಳ ಚುರುಕು. ಮನೆಗೆ ಬಂದವರನ್ನೆಲ್ಲ ತೂಗಿ ನೋಡುವಂಥ ಕಣ್ಣುಗಳು. ಅಪ್ಪ ಅಮ್ಮ ಹೊಗೆಸೊಪ್ಪಿನ ಹೊಲಕ್ಕೆ ಹೋದರೆ ಹುಡುಗಿಯ ಜವಾಬ್ದಾರಿಯೆಲ್ಲ ಅಜ್ಜಿ ದೇವೀರಮ್ಮನದು. ಎತ್ತುವುದು, ಮೀಯಿಸುವುದು, ಉಣ್ಣಿಸುವುದು, ತಲೆ ಬಾಚಿ ಹೂ ಮುಡಿಸುವುದು, ಎಲ್ಲವನ್ನೂ ಅಜ್ಜಿಯೇ ಮಾಡುತ್ತಿದ್ದರು.

ಊರಿನ ಶಾಲೆಯ ಹೆಡ್‌ಮೇಷ್ಟ್ರು ಕೆಟ್ಟವರೇನಲ್ಲ. ನಾಲ್ಕು ತರಗತಿಗೆ ಇಬ್ಬರೇ ಮೇಷ್ಟ್ರಿದ್ದ ಶಾಲೆ ಅದು. ಸವಿತಾಳನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳಿ ಎಂದು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು. “ಪಾಠ ನಾನು ಹೆಂಗಾದ್ರೂ ಹೇಳ್ಕೊಡ್ತೀನಿ ಮೇಡಂ. ಆದ್ರೆ ಈಗ ಬಿಸಿಯೂಟ ಬೇರೆ ಶುರುವಾಗಿದೆ. ನೂರು ಮಕ್ಕಳು ಉಣ್ಣೋವಾಗ ಈ ಮಗೂಗೆ ತಿನ್ನಿಸ್ತಾ ಕೂರೋರು ಯಾರು? ಜೂನ್ ಹೊತ್ತಿಗೆ ಅವಳೇ ಉಣ್ಣೋ ಹಂಗಾದ್ರೆ ಕರ್ಕೊಂಡು ಬನ್ನಿ” ಎಂದರು. ಆಗ ಮಾರ್ಚ್ ತಿಂಗಳು. ನಾನು ಎದೆಯುಬ್ಬಿಸಿ, “ಖಂಡಿತ ಕರೆತರುತ್ತೇನೆ ಸರ್” ಎಂದೆ.

ಮರುವಾರವೇ ಒಂದು ವಿಶೇಷ ಚಮಚ ತಯಾರಿಸಿಕೊಂಡು ಹೋದೆ. ಮುಷ್ಟಿಯಲ್ಲಿ ಹಿಡಿಯಲು ಅನುಕೂಲವಾಗಲೆಂದು ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದ್ದೆ. ಮಣಿಕಟ್ಟು ತಿರುಗದ ಮಕ್ಕಳಿಗೆ ಬಾಯಿಗೆ ತಲುಪಲೆಂದು ಚಮಚದ ಕುತ್ತಿಗೆಯನ್ನು ಒಂದು ಬದಿಗೆ ಬಗ್ಗಿಸಿದ್ದೆ. ಅದರ ಬಳಕೆಯ ವಿಧಾನವನ್ನು ದೇವೀರಮ್ಮನವರಿಗೆ ಅರ್ಧ ಗಂಟೆ ವಿವರಿಸಿದೆ. ಅವರು ಎಲ್ಲದಕ್ಕೂ “ಊಂ ಕಣವ್ವ, ಊಂ ಕಣವ್ವ” ಎಂದರು. ಮುಂದಿನ ಗುರುವಾರ ಹೋಗಿ ಚಮಚ ಎಲ್ಲಿ ಎಂದು ಕೇಳಿದರೆ ಅಜ್ಜಿ ಹೆಮ್ಮೆಯಿಂದ ಒಳಗೆ ಕರೆದೊಯ್ದು ಉಪ್ಪಿನಕಾಯಿ ಜಾಡಿ ತೋರಿಸಿದರು.

“ಬಾಳ ಚೆಂದಾಗದೆ ಕಣ್ ಮೇಡಮ್ಮ. ಸೊಟ್ಟಗಿರೋದ್ರಿಂದ ಜಾಡಿ ತಳದ್ ಮೂಲೆವರ್ಗೂ ಓಯ್ತದೆ. ಇನ್ನೊಂದಿದ್ರೆ ತನ್ನಿ, ನನ್ ತಂಗಿ ಕೇಳ್ತಾವ್ಳೆ.”

“ಅಜ್ಜೀ, ಅದು ಸವಿತಾ ಊಟ ಮಾಡಲಿಕ್ಕೆ ಕೊಟ್ಟದ್ದು!”

“ಮುದ್ದೇನ ಚಮ್ಚದಲ್ಲಿ ಯಾರವ್ವ ಉಂಡಾರು?” ಎಂದರು ಅಜ್ಜಿ. ಆ ಮನೆಯಲ್ಲಿ ಮೂರು ಹೊತ್ತೂ ರಾಗಿಮುದ್ದೆ ಎಂಬುದನ್ನು ನಾನು ಫೈಲಿನಲ್ಲಿ ಬರೆದುಕೊಂಡಿದ್ದೆ, ತಲೆಯಲ್ಲಿ ಬರೆದುಕೊಂಡಿರಲಿಲ್ಲ.

ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಕೈಯಲ್ಲಾದರೂ ಅವಳೇ ಉಣ್ಣಲಿ, ನೀವು ತಿನ್ನಿಸುವುದನ್ನು ನಿಲ್ಲಿಸಿ ಎಂದೆ. ದೇವೀರಮ್ಮನ ಮುಖ ಬಿಗಿಯಿತು. “ನನ್ ಕೈಲಿ ಕಸುವಿರೋಗಂಟ ನಾನ್ ತಿನ್ನುಸ್ತೀನಿ. ನಿಮ್ಗೇನ್ ಕಷ್ಟ?” ಎಂದರು. ನಾನು ಹಿಂದುಮುಂದು ನೋಡದೆ, “ಆಮೇಲೆ ಯಾರು ತಿನ್ನಿಸುತ್ತಾರೆ ಅಜ್ಜಿ?” ಎಂದುಬಿಟ್ಟೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಭಾರ ಗೊತ್ತಾಯಿತು. ಅಜ್ಜಿ ಒಲೆಯ ಕಡೆ ತಿರುಗಿ ಕೂತರು. ಸವಿತಾ ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯ ಬೆನ್ನನ್ನು ನೋಡಿದಳು. ಆ ಪ್ರಶ್ನೆ ಮುದುಕಿಯ ಎದೆಯಲ್ಲಿ ಏಳು ವರ್ಷದಿಂದಲೂ ಕೂತಿದ್ದಿರಬೇಕು. ಅದನ್ನು ಕೇಳಲು ಮೊದಲ ದರ್ಜೆಯ ಪದವೀಧರೆಯೊಬ್ಬಳು ಬಸ್ಸು ಹತ್ತಿ ಬರಬೇಕಾಗಿರಲಿಲ್ಲ. ಎದ್ದು ಹೋಗೋಣವೆಂದುಕೊಳ್ಳುವಷ್ಟರಲ್ಲಿ ಅಜ್ಜಿ ಎರಡು ತಟ್ಟೆ ತಂದು ಒಂದನ್ನು ಸವಿತಾಳ ಮುಂದೆ, ಇನ್ನೊಂದನ್ನು ನನ್ನ ಮುಂದೆ ಇಟ್ಟರು. ಹೊಗೆಯಾಡುವ ಮುದ್ದೆ, ಬಸ್ಸಾರು. “ಮಗೀಗೆ ಉಣ್ಣಾದ ಕಲ್ಸಕ್ ಬಂದಿದ್ದೀರಲ್ಲ, ಎಂಗೆ ಉಣ್ಬೇಕು ಅಂತ ಮೊದ್ಲು ನೀವ್ ತೋರ್ಸಿ” ಎಂದರು.

ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ನಾನು ಆವರೆಗೆ ಮುದ್ದೆಯನ್ನು ದೂರದಿಂದ ನೋಡಿದ್ದೆ ಅಷ್ಟೆ. ಆದರೆ ಉಣ್ಣುವ ಕ್ರಿಯೆಯನ್ನು ಹದಿನಾಲ್ಕು ಹಂತಗಳಾಗಿ ಬಿಡಿಸಿ ಪರೀಕ್ಷೆಯಲ್ಲಿ ಬರೆದವಳು, ಹೆದರುವುದುಂಟೆ? ದೊಡ್ಡದೊಂದು ತುತ್ತು ಮುರಿದು ಬಾಯಿಗಿಟ್ಟು ಶಾಸ್ತ್ರೋಕ್ತವಾಗಿ ಅಗಿಯತೊಡಗಿದೆ. ಅದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಗಾರೆಯಂತೆ ಹಿಡಿದುಕೊಂಡಿತು. ಉಳಿದದ್ದು ಅಂಗುಳಕ್ಕೆ ಹೋಗಿ ಮೆತ್ತಿಕೊಂಡಿತು. “ಅಯ್ಯೋ, ಅಗೀಬ್ಯಾಡಿ, ನುಂಗಿ! ಸಾರಲ್ಲಿ ಅದ್ಬುಟ್ಟು ಗುಳುಕ್ ಅಂತ ನುಂಗಿ!” ಎಂದು ಅಜ್ಜಿ ಕೂಗುತ್ತಿದ್ದರು. ನುಂಗಲು ಹೋದರೆ ಗಂಟಲು ಒಪ್ಪಲಿಲ್ಲ. ಕಣ್ಣಲ್ಲಿ ನೀರು ಬಂತು. ನನ್ನ ಪುಸ್ತಕದ ಕನ್ನಡದಲ್ಲಿ ‘ನೀರು ಕೊಡಿ’ ಎನ್ನಲೂ ಬಾಯಿ ಬಿಡಲಾಗಲಿಲ್ಲ.

ಆಗ ಸವಿತಾ ನಕ್ಕಳು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಗುತ್ತ ನಗುತ್ತಲೇ ಬಲಗೈಯನ್ನು ತನ್ನ ತಟ್ಟೆಗೆ ಹಾಕಿದಳು. ಬಿಗಿದ ಮುಷ್ಟಿಯಲ್ಲಿ ಮುದ್ದೆಯ ಒಂದು ಚೂರು ಸಿಕ್ಕಿಕೊಂಡು ಬಂತು. ಆ ಕೈ ಕಿವಿಯ ಕಡೆ ಹೋಯಿತು, ತಡೆದು ನಿಂತಿತು, ನಡುಗುತ್ತ ನನ್ನ ಮುಖದ ಕಡೆ ತಿರುಗಿತು. ಕೆನ್ನೆಗೆ ತಾಗಿ, ಮೂಗಿಗೆ ತಾಗಿ, ಕೊನೆಗೆ ತುಟಿಗೆ ಬಂದು ನಿಂತಿತು. “ನುಂ…ಗಿ” ಎಂದಳು.

ನುಂಗಿದೆ. ನುಂಗಿದ ಮೇಲೆ ಹೊಳೆಯಿತು: ಅವಳ ಕೈ ತಟ್ಟೆಯಿಂದ ಹೊರಟು ಒಂದು ಬಾಯಿಗೆ ಬಂದು ತಲುಪಿದೆ! ಬಾಯಿ ನನ್ನದು, ಅವಳದಲ್ಲ ಎಂಬುದೊಂದೇ ಕೊರತೆ. ದೇವೀರಮ್ಮನೂ ಅದನ್ನೇ ನೋಡಿ ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದನ್ನೇ ಮರೆತಿದ್ದರು. ಚಮಚದ ಅಗತ್ಯವೇ ಇರಲಿಲ್ಲ. ಅನ್ನದ ಅಗುಳಿನ ಹಾಗೆ ಮುದ್ದೆ ಉದುರುವುದಿಲ್ಲ, ಮುಷ್ಟಿಗೇ ಅಂಟಿಕೊಂಡಿರುತ್ತದೆ. ಸವಿತಾಳಿಗೆ ನುಂಗುವ ತೊಂದರೆ ಇರಲೂ ಇಲ್ಲ. ಆ ತೊಂದರೆ ಇದ್ದದ್ದು ನನಗೆ.

ಅಂದಿನಿಂದ ನಮ್ಮ ಚಿಕಿತ್ಸೆಯ ಕ್ರಮ ನಿಶ್ಚಯವಾಯಿತು. ಪ್ರತಿ ಗುರುವಾರ ನಾನು ಹೋಗಿ ಸವಿತಾಳ ಎದುರು ಬಾಯಿ ತೆರೆದು ಕೂರುವುದು, ಅವಳು ನನಗೆ ತಿನ್ನಿಸುವುದು. ಉಳಿದ ದಿನಗಳಲ್ಲಿ ಆ ಜಾಗಕ್ಕೆ ಅಜ್ಜಿ. ಮೊದಲ ಎರಡು ವಾರ ಮುದ್ದೆ ನನ್ನ ಬಾಯಿಗಿಂತ ಕಿವಿಗೇ ಹೆಚ್ಚು ಹೋಯಿತು. ಆಮೇಲೆ ‘ಮೇಡಮ್ಮಂಗೆ ಒಂದು, ಸವಿತಂಗೆ ಒಂದು’ ಎಂದು ಮಾಡಿದೆವು. ಮೊಣಕೈಗೆ ಮಣೆಯ ಆಸರೆ, ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಎಂಬ ಸಣ್ಣಪುಟ್ಟ ಉಪಾಯಗಳು ನನ್ನವು. ಮುದ್ದೆಯನ್ನು ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಸಾರಿನಲ್ಲಿ ಹೊರಳಿಸಿಡುವ ಉಪಾಯ ಅಜ್ಜಿಯದು. ಎಲ್ಲಕ್ಕಿಂತ ಕಷ್ಟವಾದದ್ದು ಸವಿತಾಳಿಗಲ್ಲ, ದೇವೀರಮ್ಮನಿಗೆ. ಹುಡುಗಿಯ ಕೈ ಅರ್ಧ ದಾರಿಯಲ್ಲಿ ನಡುಗುವಾಗ ಅವರ ಕೈ ತಾನಾಗಿ ಮುಂದೆ ಬರುತ್ತಿತ್ತು. ಒಂದು ದಿನ ನೋಡುತ್ತೇನೆ, ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ ಕೂತಿದ್ದಾರೆ. “ಸುಮ್ಕಿರಕ್ ಆಯ್ತಾ ಇಲ್ಲ ಕಣವ್ವ” ಎಂದರು. ಕಣ್ಣು ತುಂಬಿತ್ತು. ಅಂಥ ಶ್ರಮದ ಕೆಲಸ ಮಾಡಿದವರನ್ನು ನಾನು ಆಮೇಲೂ ಹೆಚ್ಚು ಕಂಡಿಲ್ಲ.

ಮೇ ತಿಂಗಳ ಕೊನೆಗೆ ಸವಿತಾ ಒಂದಿಡೀ ಮುದ್ದೆ ತಾನೇ ಉಂಡಳು. ನನ್ನ ಸೀರೆಯ ಕುಪ್ಪಸಗಳು ಅಷ್ಟರಲ್ಲಿ ಬಿಗಿಯಾಗಿದ್ದವು. ವಿಜಯೋತ್ಸಾಹದಿಂದ ಹೆಡ್‌ಮೇಷ್ಟ್ರ ಮನೆಗೆ ಹೋಗಿ ವರದಿ ಒಪ್ಪಿಸಿದೆ. ಅವರು ಸಂತೋಷಪಟ್ಟು, “ಭೇಷ್ ಮೇಡಂ. ಆದ್ರೆ ಬಿಸಿಯೂಟದಲ್ಲಿ ಅನ್ನ ಸಾರು ಕೊಡೋದಲ್ವಾ?” ಎಂದರು. ಮೂರು ತಿಂಗಳಲ್ಲಿ ಒಮ್ಮೆಯೂ ನಾನು ಅದನ್ನು ಕೇಳಿರಲಿಲ್ಲ. ದೇವೀರಮ್ಮನ ಮನೆಗೆ ಸಪ್ಪೆ ಮುಖ ಹೊತ್ತು ಬಂದೆ. ಅವರು ಸಾರಿಸುತ್ತಿದ್ದ ನೆಲದಿಂದ ತಲೆಯನ್ನೂ ಎತ್ತದೆ, “ಅನ್ನವ ಸಾರಲ್ಲಿ ಮಿದ್ದು ಉಂಡೆ ಕಟ್ಕೊಂಡ್ರೆ ಅದೂ ಮುದ್ದೇನೆ ತಾನೆ? ಮಿದಿಯಾದ ಕಲಿಯಕ್ಕೆ ಇನ್ನೂ ಎಂಟ್ ದಿನ ಅವೆ ಬುಡಿ” ಎಂದರು. ಎಂಟು ದಿನದಲ್ಲಿ ಸವಿತಾ ಮಿದಿಯಲು ಕಲಿತಳು; ಮುಷ್ಟಿ ಬಿಗಿಯುವುದು ಅವಳಿಗೆ ಮೊದಲಿನಿಂದಲೂ ಬರುತ್ತಿತ್ತಲ್ಲ.

ಶಾಲೆ ತೆರೆದ ವಾರ ನಾನೂ ಹೋದೆ. ಜಗಲಿಯ ಉದ್ದಕ್ಕೂ ಮಕ್ಕಳು ಸಾಲಾಗಿ ಕೂತಿದ್ದರು. ಸವಿತಾ ಕಂಬಕ್ಕೆ ಒರಗಿ ಒಂದನೇ ತರಗತಿಯ ಮಕ್ಕಳ ನಡುವೆ. ದೇವೀರಮ್ಮ ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬರಲೊಲ್ಲೆ ಎಂದಿದ್ದರು. ಅನ್ನ ಬಡಿಸಿದರು, ಸಾರು ಹಾಕಿದರು. ಅವಳು ಮಿದ್ದಳು, ಎತ್ತಿದಳು, ಬಾಯಿಗಿಟ್ಟಳು. ಸುತ್ತಮುತ್ತ ಒಂದಿಷ್ಟು ಅಗುಳು ಚೆಲ್ಲಿತು. ಹೆಡ್‌ಮೇಷ್ಟ್ರು ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, “ಚೆಲ್ಲಿರೋದು ನೋಡಿದ್ರೆ ಇದ್ರಲ್ಲಿ ನಿಮ್ ಹುಡ್ಗಿ ಯಾವ್ದು ಅಂತಾನೇ ಗೊತ್ತಾಗಲ್ವಲ್ಲ ಮೇಡಂ” ಎಂದು ನಕ್ಕರು. ಗೇಟಿನ ಕಡೆ ನೋಡಿದೆ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಮನೆಯ ದಾರಿ ಹಿಡಿದಿದ್ದರು. ಹಿಂದಿರುಗಿ ನೋಡಲಿಲ್ಲ.

ನನಗೂ ಒಂದು ತಟ್ಟೆ ಕೊಟ್ಟರು. ನಿಂತೇ ಉಣ್ಣುತ್ತ, ಬಿಳಿ ಪಂಚೆಯುಟ್ಟು ಪಕ್ಕದಲ್ಲಿ ನಿಂತಿದ್ದ ಹೆಡ್‌ಮೇಷ್ಟ್ರಿಗೆ ಉತ್ಸಾಹದಿಂದ ನನ್ನ ಶಾಸ್ತ್ರವನ್ನು ವಿವರಿಸತೊಡಗಿದೆ. ಭುಜದ ಸ್ಥಿರತೆ, ಮಣಿಕಟ್ಟಿನ ಹಿಡಿತ, ಕಣ್ಣು ಮತ್ತು ಕೈಗಳ ಹೊಂದಾಣಿಕೆ, ಹೀಗೆ ಒಂದೊಂದಕ್ಕೂ ತಟ್ಟೆ ಹಿಡಿದ ಕೈಯನ್ನೇ ಅತ್ತಿತ್ತ ಆಡಿಸುತ್ತ ಉದಾಹರಣೆ ಕೊಡುತ್ತಿದ್ದೆ. ಹೆಡ್‌ಮೇಷ್ಟ್ರು ಯಾಕೋ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಆಗ ಕೆಳಗಿನಿಂದ ನಿಧಾನವಾದ, ಸ್ಪಷ್ಟವಾದ ದನಿಯೊಂದು ಬಂತು.

“ಮೇಡಂ… ಸಾರು… ಚೆಲ್ತಾ… ಅವ್ರೆ.”

ಒಂದನೇ ತರಗತಿಯ ಅಷ್ಟೂ ಮಕ್ಕಳು ತಲೆಯೆತ್ತಿ ಮೊದಲು ನನ್ನನ್ನು, ಆಮೇಲೆ ಹೆಡ್‌ಮೇಷ್ಟ್ರ ಪಂಚೆಯನ್ನು ನೋಡಿದರು.

ಸಂಜೆಯ ಬಸ್ಸಿನಲ್ಲಿ ಫೈಲು ತೆರೆದು ಅಂದಿನ ವರದಿ ಬರೆದೆ. ‘ಯಾರ ಸಹಾಯವೂ ಇಲ್ಲದೆ ಊಟ ಮಾಡುತ್ತಾಳೆ. ಸ್ವಲ್ಪ ಚೆಲ್ಲುತ್ತಾಳೆ.’ ಎರಡನೆಯ ವಾಕ್ಯವನ್ನು ಎರಡು ಸಲ ಓದಿಕೊಂಡು, ಅದನ್ನು ಬರೆಯುವ ಅರ್ಹತೆ ನನಗೆ ಸಾಲದೆನಿಸಿ, ಅಕ್ಷರ ಕಾಣದ ಹಾಗೆ ಚೆನ್ನಾಗಿ ಹೊಡೆದುಹಾಕಿದೆ.