ಮನೆ ನೋಡಲು ಹೋದದ್ದು

ನಮ್ಮ ದೊಡ್ಡಪ್ಪನಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಯಾವಾಗಿನಿಂದ?" ಡಾಕ್ಟರು ಅದನ್ನೇ ನನಗೆ ತಿರುಗಿಸಿದರು. "ನಡವಳಿಕೆಯಲ್ಲಿ ವಿಚಿತ್ರ ಅನ್ನಿಸೋದು ಯಾವಾಗಿನಿಂದ ಕಾಣಿಸ್ತಾ ಇದೆ, ಹೇಳಿ ಮೇಡಂ." ಏನು ಹೇಳಲಿ? ನಾನು ಹುಟ್ಟುವುದಕ್ಕೂ ಮೊದಲಿನಿಂದ ಎಂದರೆ ಬರೆದುಕೊಳ್ಳುತ್ತಾರೆಯೇ? ನೆಟ್ಟಗಿದ್ದ ಮನುಷ್ಯ ಸೊಟ್ಟಗಾದರೆ ಓಣಿಗೆಲ್ಲ ಗೊತ್ತಾಗುತ್ತದೆ. ಮೊದಲಿನಿಂದಲೂ ಸೊಟ್ಟಗಿದ್ದವರು ಇನ್ನಷ್ಟು ಸೊಟ್ಟಗಾದರೆ ಮನೆಯವರು ನಗುತ್ತಾರೆ. ನಾವು ನಕ್ಕೆವು. ಎಷ್ಟು ಕಾಲ ನಕ್ಕೆವು ಎಂದು ಈಗ ಯೋಚಿಸಲು ಹೋಗುವುದಿಲ್ಲ.

ದೊಡ್ಡಪ್ಪನಿಗೆ ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ ಇತ್ತು. ಬೆಲ್ಲ ನೆಪ. ನಿಜವಾದ ಕಸುಬು ಸಂಬಂಧ ಕುದುರಿಸುವುದು. ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ಯಾರ ಮಾತನ್ನೂ ಕೇಳುತ್ತಲೂ ಇರಲಿಲ್ಲ. ಬೆಲ್ಲ ಕೊಳ್ಳಲು ಬಂದವರು ಗೋಣಿಚೀಲದ ಮೇಲೆ ಕೂತು ಮಾತಾಡಿ, ಬೆಲ್ಲ ಮರೆತು, ಅಳಿಯನನ್ನು ಗೊತ್ತುಮಾಡಿಕೊಂಡು ಎದ್ದು ಹೋದದ್ದುಂಟು.

ಅವರು ಪಳಗಿದ್ದು 'ಮನೆ ನೋಡುವುದರಲ್ಲಿ'. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಗೆ ಹೋಗಿ ನೋಡಿ ಬರುವುದಿದೆಯಲ್ಲ, ಅದು. ಹುಡುಗನ ಕಡೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಹುಡುಗ ಒಂದು ತಾಸು ಒಳ್ಳೇನಂಗೆ ಕುಂತ್ಕಂತಾನೆ. ಮನೆಗೆ ನಾಟಕ ಬರಲ್ಲ," ಎನ್ನುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಹೇಗೆ ಬಿಟ್ಟಿದ್ದಾರೆ ನೋಡುವರು. ಕೈ ತೊಳೆಯುವ ನೆಪದಲ್ಲಿ ಬಚ್ಚಲು ನೋಡುವರು. ನೀರು ಕೇಳಿ, ಲೋಟ ತಂದವಳ ಮುಖ ನೋಡುವರು. ಮಾಯಕೊಂಡದಲ್ಲಿ ನನಗಾಗಿ ನೋಡಿದ ಎಂಜಿನಿಯರ್ ಸಂಬಂಧವನ್ನು ಬಿಟ್ಟದ್ದು ಆ ಮನೆಯ ನಾಯಿಯ ದೆಸೆಯಿಂದ. ದೊಡ್ಡಪ್ಪ ಚಪ್ಪಲಿ ಕಳಚಲು ಬಗ್ಗಿದ್ದೇ ನಾಯಿ ಮಂಚದ ಕೆಳಗೆ ಓಡಿತಂತೆ. "ಚಪ್ಪಲಿ ಕಂಡ್ರೆ ಅದು ಹಂಗೆ ಓಡ್ತೈತೆ ಅಂದ್ರೆ, ಆ ಮನೆಯಾಗೆ ಚಪ್ಪಲಿ ಯಾತಕ್ಕೆ ಬಳಸ್ತಾರೆ ಲೆಕ್ಕ ಹಾಕ್ಕಾ." ಕುಕ್ಕುವಾಡದ ಹುಡುಗನ ತಾಯಿ ಬೀಗರಿಗಿಂತ ಮೊದಲು ಮಗನ ತಟ್ಟೆಗೆ ಉಪ್ಪಿಟ್ಟು ಬಡಿಸಿದ್ದಕ್ಕೆ ಅದೂ ಹೋಯಿತು. ಆ ಹುಡುಗ ನನಗೆ ಇಷ್ಟವಾಗಿದ್ದನೇ? ಇತಿಹಾಸ ಕಲಿಸುವವಳು ನಾನು, ಆಧಾರವಿಲ್ಲದೆ ಮಾತಾಡಬಾರದು. ಆ ದಿನದ ದಿನಚರಿಯಲ್ಲಿ 'ಕಿವಿ ದೊಡ್ಡದು' ಎಂದಷ್ಟೇ ಬರೆದಿದ್ದೇನೆ. ಮೆಚ್ಚಿ ಬರೆದದ್ದೋ ಹಳಿದು ಬರೆದದ್ದೋ, ಓದಿದರೆ ಗೊತ್ತಾಗುವುದಿಲ್ಲ.

ಅಂತೂ ಅರ್ಧ ದಾವಣಗೆರೆಗೆ ಮದುವೆ ಮಾಡಿಸಿದ ಮನುಷ್ಯ, ಮನೆಯಲ್ಲಿದ್ದ ಒಬ್ಬಳೇ ಹುಡುಗಿಯನ್ನು ಹಾಗೇ ಉಳಿಸಿಕೊಂಡರು. ಅಪ್ಪ ಅಮ್ಮ ಬೇಗ ಹೋದ ಮೇಲೆ ನನ್ನನ್ನೂ ತಮ್ಮನನ್ನೂ ಸಾಕಿದವರು ಅವರು ಮತ್ತು ದೊಡ್ಡಮ್ಮ. ದೊಡ್ಡಮ್ಮನೂ ಹೋದಳು. ತಮ್ಮ ಮದುವೆಯಾಗಿ ಹರಿಹರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟ. ದಾವಣಗೆರೆಯ ಮನೆಯಲ್ಲಿ ನಾನು, ದೊಡ್ಡಪ್ಪ, ನನ್ನ ಪುಸ್ತಕಗಳು, ಅವರ ಅಭಿಪ್ರಾಯಗಳು.

ಕಾಯಿಲೆ ಬಂದದ್ದೂ ಈ ಕಸುಬಿನ ದಾರಿಯಿಂದಲೇ. ಒಂದು ದಿನ ಎದುರುಮನೆಯ ಅಂಕಲ್ಲನ್ನು ಕರೆದು ಕೂಡಿಸಿ, "ನಿಮಗೊಂದು ಒಳ್ಳೆ ಸಂಬಂಧ ಐತ್ರಿ. ಹೆಣ್ಣು ಲಕ್ಷಣವಾಗೈತೆ, ಕೆಲಸದಾಗೆ ಚುರುಕು, ನಿಮ್ಮ ಓಣಿಯಾಗೇ ಐತೆ," ಎಂದರು. ಹೇಳುತ್ತಿದ್ದದ್ದು ಆ ಅಂಕಲ್ಲಿನ ಹೆಂಡತಿಯ ವಿಷಯವನ್ನೇ. ಅಂಕಲ್ಲು ಖುಷಿಯಾಗಿ ಮನೆಗೆ ಹೋಗಿ ಹೇಳಿದರೆ ಆಂಟಿ ಕಾಂಪೌಂಡಿನ ಆಚೆಯಿಂದಲೇ ಕೂಗಿದರು: "ದೊಡ್ಡಪ್ಪಾರೆ, ಆ ಸಂಬಂಧ ಬ್ಯಾಡ್ರಿ. ನಾನು ಒಳಹೊಕ್ಕು ನೋಡೀನಿ." ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ದೊಡ್ಡಪ್ಪ ಮಾತ್ರ ಗಂಭೀರವಾಗಿ, "ಹುಡುಗಿಗೆ ಮಾತು ಜಾಸ್ತಿ, ಅದೊಂದೇ ನೋಡು," ಎಂದರು.

ಆಮೇಲೆ ನಗು ತೆಳ್ಳಗಾಗುತ್ತ ಬಂತು. ಮನೆಗೆಲಸಕ್ಕೆ ಬರುತ್ತಿದ್ದವಳು, ಗಂಡ ಮಕ್ಕಳಿರುವ ತನಗೆ ದಿನಾ ಹೊಸ ಗಂಡು ತೋರಿಸುತ್ತಾರೆಂದು ಕೆಲಸ ಬಿಟ್ಟಳು. ತಮ್ಮ ಸ್ವಲ್ಪ ದಿನ ಹರಿಹರಕ್ಕೆ ಕರೆದುಕೊಂಡು ಹೋದ. ಅಲ್ಲಿ ಪಕ್ಕದ ಮನೆಯ ಹುಡುಗನಿಗೆ ಮದುವೆ ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಬಂದಿಳಿದಾಗ ದೊಡ್ಡಪ್ಪ ಗೇಟಿನಲ್ಲೇ ತಡೆದು, "ಮನೆ ಸರಿಯಿಲ್ಲ, ತಿರುಗಿ ಹೋಗ್ರಿ," ಎಂದುಬಿಟ್ಟರು. ಮದುವೆ ಹೇಗೋ ಉಳಿಯಿತು, ಪಕ್ಕದ ಮನೆಯವರ ಸ್ನೇಹ ಉಳಿಯಲಿಲ್ಲ. ತಿರುಗಿ ನನ್ನ ಬಳಿ ಬಂದ ಮೇಲೆ ಒಂದು ಮಧ್ಯಾಹ್ನ ನಾನು ಕ್ಲಾಸಿನಲ್ಲಿದ್ದಾಗ ಫೋನು ಬಂತು. ಯಾರೋ ಪುಣ್ಯಾತ್ಮರು ಪಿ.ಬಿ. ರಸ್ತೆಯ ಲಾರಿಗಳ ನಡುವೆ ಅವರನ್ನು ಹಿಡಿದು ನಿಲ್ಲಿಸಿಕೊಂಡಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅಕ್ಕ, ಹರಿಹರದ ಹೊರಗೆ ಇಂಥೋರನ್ನ ನೋಡ್ಕಳೋ ಜಾಗ ಒಂದು ಐತೆ. ನೋಡ್ಕೊಂಡು ಬರಾಣ. ನೋಡಿದ್ರೆ ಏನು ಹೋಗ್ತೈತೆ?" ಎಂದ ತಮ್ಮ.

ಏನು ಹೋಗುತ್ತದೆ ಎಂದು ನಾನೂ ಕೇಳಿಕೊಂಡೆ. ದೊಡ್ಡಪ್ಪನನ್ನು ಬಿಟ್ಟು ಹೋಗಲು ಜನವಿರಲಿಲ್ಲ, ಕರೆದುಕೊಂಡೇ ಹೋಗಬೇಕು. ಆಶ್ರಮ ಎನ್ನಲು ನಾಲಿಗೆ ಏಳಲಿಲ್ಲ. ಆಸ್ಪತ್ರೆ ಎಂದರೆ ಹೆದರುತ್ತಾರೆ. ಭಾಷೆಯಲ್ಲಿ ಇಷ್ಟೊಂದು ಪದಗಳಿದ್ದೂ ನನ್ನ ಬಾಯಿಗೆ ಬಂದದ್ದು ಒಂದೇ: "ದೊಡ್ಡಪ್ಪ, ಹರಿಹರದಾಗೆ ಒಂದು ಮನೆ ನೋಡ್ಕೊಂಡು ಬರಬೇಕು."

ಅವರ ಬೆನ್ನು ನೆಟ್ಟಗಾಯಿತು. ಹಿಂದಿನ ಎಷ್ಟೋ ದಿನಗಳಲ್ಲಿ ಅವರ ಕಣ್ಣಲ್ಲಿ ಅಂಥ ಬೆಳಕು ನೋಡಿರಲಿಲ್ಲ. ತಾವೇ ಸ್ನಾನ ಮಾಡಿದರು, ತಾವೇ ಕಚ್ಚೆಪಂಚೆ ಉಟ್ಟರು, ಕರಿ ಕೋಟು ಹುಡುಕಿ ತೊಟ್ಟರು. ಕಾರು ಹತ್ತುವಾಗ ನಿಂತರು. "ಮೂರು ಜನ ಹೋಗಬಾರದು," ಎಂದು ಅಂಗಳದಿಂದ ಒಂದು ಕಲ್ಲು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು. ಲೆಕ್ಕಕ್ಕೆ ಅದು ನಾಲ್ಕನೆಯವರು. ದಾರಿಯುದ್ದಕ್ಕೂ ನಾನು ಅವರ ಸಂಭ್ರಮ ನೋಡುತ್ತ ಕೂತೆ. ಯಾಕೆ ಎಂದು ಆಗ ಹೊಳೆಯಲಿಲ್ಲ.

ಜಾಗ ಚೆನ್ನಾಗಿತ್ತು. ಹೊಳೆಯ ಗಾಳಿ ಬೀಸುತ್ತಿತ್ತು. ಮೇಲ್ವಿಚಾರಣೆ ನೋಡಿಕೊಳ್ಳುವ ಹೆಂಗಸು ಬಾಗಿಲಿಗೇ ಬಂದು, "ಬರ್ರಿ ಅಜ್ಜಾರೆ, ಕೂಡ್ರಿ," ಎಂದರು. ನಾನು ರಾತ್ರಿಪಾಳಿಯಲ್ಲಿ ಯಾರಿರುತ್ತಾರೆ, ಡಾಕ್ಟರು ಯಾವಾಗ ಬರುತ್ತಾರೆ ಎಂದು ದೊಡ್ಡಪ್ಪನಿಗೆ ತಿಳಿಯದಿರಲಿ ಎಂದು ಇಂಗ್ಲಿಷಿನಲ್ಲಿ ಕೇಳತೊಡಗಿದೆ. ದೊಡ್ಡಪ್ಪ ಕನ್ನಡದಲ್ಲಿ ಶುರುಮಾಡಿದರು.

"ನಿಮ್ದು ಯಾವ ಪೈಕಿ, ತಾಯಿ?"

"ನಾವು ಮುಸಲ್ಮಾನ್ರು, ಅಜ್ಜಾರೆ. ಇಲ್ಲೇ ಹರಿಹರ."

ದೊಡ್ಡಪ್ಪ ಸ್ವಲ್ಪ ಹೊತ್ತು ಛಾವಣಿ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಇರ್ಲಿ ಬಿಡ್ರಿ. ನಮ್ಮ ಹುಡುಗಿಗೂ ವಯಸ್ಸಾತು. ಇನ್ನು ಪೈಕಿ ಗೀಕಿ ನೋಡ್ತಾ ಕುಂತ್ರೆ ಆಗಲ್ಲ," ಎಂದು ನನ್ನ ಕಡೆ ಕೈ ತೋರಿಸಿದರು.

ತಮ್ಮ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಓಡಿದ. ಆ ಹೆಂಗಸು ಮಾತ್ರ ನನ್ನ ಮುಖ ನೋಡಿ, ಅವರ ಮುಖ ನೋಡಿ, ಸಲೀಸಾಗಿ ಬೀಗಿತ್ತಿಯಾದರು.

"ಹುಡುಗ ಎಲ್ಲಿ?"

"ಕೆಲಸಕ್ಕೆ ಹೋಗ್ಯಾನ್ರಿ."

"ಒಳ್ಳೇದಾತು. ಮನೆಯಾಗಿದ್ದಿದ್ರೆ ನನಗೆ ಅನುಮಾನ ಬರ್ತಿತ್ತು."

ಆಮೇಲೆ ಮನೆಯ ತಪಾಸಣೆ. ಬಚ್ಚಲಿನ ನೆಲವನ್ನು ಕಾಲಿನಿಂದ ಉಜ್ಜಿ ನೋಡಿ ತಲೆದೂಗಿದರು. ಅಡುಗೆಮನೆಯ ಸಾರಿನ ವಾಸನೆ ನೋಡಿ, "ಹುಣಸೆಹಣ್ಣಿಗೆ ಹಿಂದೆಮುಂದೆ ನೋಡಲ್ಲ, ಕೈ ಧಾರಾಳ ಐತೆ," ಎಂದರು. ಸಾಲಾಗಿದ್ದ ಕೋಣೆಗಳ ಮುಂದೆ ನಿಂತು ನೆಲ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟು ಜನ ಅದಾರೆ. ಚಪ್ಪಲಿ ಎಲ್ಲಿ?"

"ಎತ್ತಿಟ್ಟೀವಿ ಅಜ್ಜಾರೆ. ಕಣ್ಣಿಗೆ ಬಿದ್ರೆ ಹಾಕ್ಕಂಡು ಹೊಂಟುಬಿಡ್ತಾರೆ."

ದೊಡ್ಡಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ, "ಕೇಳಿಸ್ಕಂಡೆಯಾ?" ಎಂದರು. ಮುಂದಿನ ಕೋಣೆಯ ಬಾಗಿಲನ್ನು ಮುಚ್ಚಿದರು, ತೆಗೆದರು, ಒಳಮೈಯನ್ನು ಕೈಯಿಂದ ಮೇಲಿನಿಂದ ಕೆಳಗಿನವರೆಗೆ ಸವರಿದರು. ಒಳಗೆ ಚಿಲಕವಿರಲಿಲ್ಲ. ಚಿಲಕ ಹಾಕಿಕೊಂಡು ಒಳಗೆ ಬಿದ್ದರೆ ಯಾರಿಗೂ ತಿಳಿಯುವುದಿಲ್ಲವೆಂದು ತೆಗೆಸಿದ್ದರು. ನಾನು ಅದನ್ನು ಆಗಲೇ ನೋಡಿ ಅನುಕೂಲದ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ. ದೊಡ್ಡಪ್ಪ ಕೈಮುಗಿದು ಹೊರಟರು. ಕಾರಿನ ಹತ್ತಿರ ಬಂದ ಮೇಲೆ ತೀರ್ಪು ಕೊಟ್ಟರು.

"ಜನ ಒಳ್ಳೇರು. ಆದ್ರೂ ಬ್ಯಾಡ. ಒಳಚಿಲಕ ಇಲ್ಲದ ಮನೆಗೆ ನಮ್ಮ ಹುಡುಗಿ ಕೊಡಾದು ಹೆಂಗೆ? ಬಾಗಿಲು ಹಾಕ್ಕಂಡು ಒಂದೀಟು ಅಳಾಕಾದ್ರೂ ಜಾಗ ಬೇಕಲ್ಲ."

ಇಲ್ಲಿ ನಿಲ್ಲಬೇಕು. 'ನಮ್ಮ ಹುಡುಗಿ' ಎಂದರೆಂದು ನಾನು ಬರೆದಿದ್ದೇನೆ. ನನ್ನ ಕಿವಿಗೆ ಹಾಗೇ ಕೇಳಿಸಿತು. ತಮ್ಮ ಒಪ್ಪುವುದಿಲ್ಲ. "ಅಕ್ಕ, ಅವರು 'ನಮ್ಮೋರ್ನ' ಅಂದ್ರು. 'ನಮ್ಮೋರ್ನ ಇಲ್ಲಿ ಬಿಡಾದು ಹೆಂಗೆ' ಅಂದ್ರು. ಅವರನ್ನ ಬಿಡಾಕೇ ಈ ಜಾಗ ನೋಡಿದ್ದು ಅಂತ ಅವರಿಗೆ ಗೊತ್ತಿತ್ತು," ಎನ್ನುತ್ತಾನೆ. ಇಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಮರೆವಿನ ಕಾಯಿಲೆ ಇದ್ದದ್ದು ನಮ್ಮಿಬ್ಬರಿಗಲ್ಲ. ಆದರೂ ಒಂದು ಮಾತು ಎರಡಾಗಿದೆ. ನಾನು ನನ್ನದನ್ನೇ ಹಿಡಿದುಕೊಂಡಿದ್ದೇನೆ, ಅದು ನಿಜವೆಂಬ ಧೈರ್ಯದಿಂದಲ್ಲ. ನಾನು ಹೇಳುವ ಕತೆಯಲ್ಲಿ ದೊಡ್ಡಪ್ಪನಿಗೆ ಭಯವಿಲ್ಲ, ನನ್ನ ಮೇಲಿನ ಕಾಳಜಿ ಮಾತ್ರ ಇದೆ. ತಮ್ಮನ ಕತೆ ನಿಜವಾದರೆ ಆಮೇಲೆ ಮಾಡಿದ್ದನ್ನು ನಾನು ಮಾಡಬಾರದಿತ್ತು.

ಮಾಡಿದೆವು. ಒಂದು ಸಂಜೆ ಕಾಲೇಜಿನಿಂದ ಬಂದಾಗ ಬಾಗಿಲಿಗೇ ಗ್ಯಾಸಿನ ವಾಸನೆ ಬಡಿಯಿತು. ಒಲೆಯ ಕಿವಿ ತಿರುಗಿಸಿ, ಕಡ್ಡಿ ಗೀರುವುದನ್ನು ಮರೆತು, ದೊಡ್ಡಪ್ಪ ಅಡುಗೆಮನೆಯ ನೆಲದ ಮೇಲೆ ಕೂತು ಸಮಾಧಾನವಾಗಿ ತಲೆ ಬಾಚಿಕೊಳ್ಳುತ್ತಿದ್ದರು. ಕಿಟಕಿಗಳನ್ನೆಲ್ಲ ತೆಗೆದೆ. ತಮ್ಮನಿಗೆ ಫೋನು ಮಾಡಿದೆ. ಕೆಲಸ ಬಿಟ್ಟು ಮನೆಯಲ್ಲಿರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನು ಕೇಳಿಕೊಳ್ಳದ ದಿನವಿಲ್ಲ.

ಅವರನ್ನು ಅಲ್ಲಿ ಬಿಡಲು ಹೊರಡುವ ಬೆಳಿಗ್ಗೆ ಅವರ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬಿದೆ. ಅವರು ಮಂಚದ ಮೇಲೆ ಕೂತು ನೋಡುತ್ತಿದ್ದರು. ಮೊದಲು ಹೋಗಿ ಬಂದದ್ದು ಪೂರ್ತಿ ಅಳಿಸಿಹೋಗಿತ್ತು. ಹೆಣ್ಣು ಕೊಡುವ ಮನೆಗೆ ಹೊರಟಿದ್ದೇವೆ ಎಂಬುದಷ್ಟು ಎಲ್ಲೋ ಉಳಿದಿತ್ತೆಂದು ಕಾಣುತ್ತದೆ.

"ಇಷ್ಟೇನಾ ಬಟ್ಟೆ?" ಎಂದರು. "ಇನ್ನೆರಡು ಸೀರೆ ಇಟ್ಕಳವ್ವ. ಹೋದ ಮನೆಯಾಗೆ ಕೇಳಾಕೆ ನಾಚಿಕೆ ಆಗ್ತೈತೆ."

ಎರಡು ಸೀರೆ ತಂದು ಇಟ್ಟೆ. ಬೇರೆ ಏನು ಮಾಡಬಹುದಿತ್ತು?

ಅಲ್ಲಿಗೆ ತಲುಪಿದ ಮೇಲೆ ಅವರು ಆ ಹೆಂಗಸಿನ ಎದುರು ಕೈಮುಗಿದು ನಿಂತು ಮಾತಾಡಿದರು. ಹೆಣ್ಣು ಒಪ್ಪಿಸುವವರ ದನಿ ಅದು. ಎಷ್ಟೋ ಮದುವೆಮನೆಗಳಲ್ಲಿ ಅವರು ಬೇರೆಯವರ ಹೆಣ್ಣುಮಕ್ಕಳಿಗಾಗಿ ಆಡಿದ್ದನ್ನು ಕೇಳಿದ್ದೆ, ನನಗಾಗಿ ಕೇಳಿರಲಿಲ್ಲ. "ತಾಯಿಯಿಲ್ಲದ ಮಗು. ಓದೈತೆ, ಅದಕ್ಕೇ ಮಾತು ಸ್ವಲ್ಪ ಒರಟು. ಮನಸು ಒಳ್ಳೇದು. ಹಸಿದ್ರೂ ಬಾಯಿಬಿಟ್ಟು ಕೇಳಲ್ಲ, ನೀವೇ ಕರೆದು ಬಡಿಸಬೇಕು. ತಪ್ಪು ಮಾಡಿದ್ರೆ ನನಗೆ ಹೇಳಿ ಕಳಿಸ್ರಿ, ಅದಕ್ಕೆ ಅನ್ನಬ್ಯಾಡ್ರಿ."

"ನಮ್ಮ ಮಗಳಂಗೆ ನೋಡ್ಕೊತೀವಿ, ಅಜ್ಜಾರೆ," ಎಂದರು ಅವರು.

ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. "ಅಳಬ್ಯಾಡ. ಮೊದಮೊದಲು ಹಿಂಗೇ ಆಗ್ತೈತೆ. ನಾನು ಬಂದು ಹೋಗಿ ಮಾಡ್ತಿರ್ತೀನಿ. ಒಳಗೆ ಹೋಗು, ಬಾಗಿಲಾಗೆ ನಿಂತು ಕಳಿಸಬಾರದು." ನಾನು ಅವರು ಹೇಳಿದಂತೆ ಒಳಗೆ ಹೋಗಿ ಅವರಿಗೆಂದು ಗೊತ್ತುಮಾಡಿದ್ದ ಕೋಣೆಯ ಮಂಚದ ಮೇಲೆ ಕೂತೆ. ಕಿಟಕಿಯಿಂದ ಕಾಣುತ್ತಿತ್ತು: ದೊಡ್ಡಪ್ಪ ಕಾರಿನವರೆಗೆ ನಡೆದರು, ಬಾಗಿಲಿಗೆ ಕೈಹಾಕಿದರು, ಯಾಕೆ ಬಂದೆ ಎಂಬುದು ಮರೆತು ನಿಂತರು. ತಮ್ಮ ಬೇರೆ ಕಡೆ ಮುಖ ತಿರುಗಿಸಿದ್ದ. ಆ ಹೆಂಗಸು ಹೋಗಿ, ಏನೋ ಹೇಳಿ, ಮೊಣಕೈ ಹಿಡಿದು ನಡೆಸಿಕೊಂಡು ಬಂದರು.

ಕೋಣೆಗೆ ಬಂದು ದೊಡ್ಡಪ್ಪ ನನ್ನನ್ನು ನೋಡಿದರು. ಹೊಸಬರನ್ನು ನೋಡುವ ಮರ್ಯಾದೆ ಆ ನೋಟದಲ್ಲಿತ್ತು. ಅದುವರೆಗೆ ಅವರು ಯಾರನ್ನು ಮರೆತರೂ ನನ್ನನ್ನು ಮರೆತಿರಲಿಲ್ಲ.

"ನೀವು ಯಾರ ಕಡೇರು?" ಎಂದರು.

"ಹೆಣ್ಣಿನ ಕಡೆ," ಎಂದೆ.

"ಪಾಪ," ಎಂದು ಪಕ್ಕದಲ್ಲಿ ಕೂತು, ಎದ್ದುಹೋಗಬೇಕಿದ್ದ ನನಗೆ ಇನ್ನಷ್ಟು ಜಾಗ ಆಗಲೆಂದು ಗೋಡೆಯ ಕಡೆಗೆ ಸರಿದರು. "ಸಾವಕಾಶ ಕೂಡ್ರಿ. ನಿಮಗೆ ಇವತ್ತು ಮನೆಗೆ ಹೋಗಾಕೆ ಕಾಲು ಬರಲ್ಲ."